ಆಟಿಸಂ ಮಕ್ಕಳ ಇಂದ್ರಿಯಾನುಭವ ಮತ್ತು ಚಲನೆ
(ಉಪನ್ಯಾಸದ ಲಿಖಿತ ರೂಪ)



ಮಹಾಮಂಗಳಾರತಿಯ ಜಾಗಟೆ ಮೊಳಗಿದೊಡನೆ ಕಿವಿ ಮುಚ್ಚಿಕೊಂಡು ಚೀರುವ ಮಗುವನ್ನೂ, ಅದನ್ನೆತ್ತಿಕೊಂಡು ತಲೆತಗ್ಗಿಸಿ ಹೊರನಡೆಯುವ ತಾಯಿಯನ್ನೂ ಅನೇಕರು ಕಂಡಿರಬಹುದು. "ಮುದ್ದು ಹೆಚ್ಚಾಯಿತು", "ಸಂಸ್ಕಾರ ಕೊಟ್ಟಿಲ್ಲ" ಎಂಬ ಮಾತುಗಳು ಆಕೆಯ ಬೆನ್ನಿಗೇ ಬೀಳುತ್ತವೆ. ಹೀಗೆ ಒಂದೆರಡು ಸಲವಾದ ಮೇಲೆ ಆ ಕುಟುಂಬ ಮದುವೆ-ಮುಂಜಿಗಳಿಗೂ, ಕೊನೆಗೆ ನೆಂಟರ ಮನೆಗೂ ಹೋಗುವುದನ್ನು ನಿಲ್ಲಿಸುತ್ತದೆ. ಆಟಿಸಂ ಇರುವ ಮಗುವಿನಲ್ಲಿ ಆ ಚೀರಾಟ ಬಹುಮಟ್ಟಿಗೆ ಹಟವಲ್ಲ, ದೇಹದ ಸಂಕಟ. ಇದನ್ನು ವಿಶದಪಡಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಅಮೆರಿಕದ ವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದಾಗಲೇ ಕೆಲವರಿಗೆ ದೊಡ್ಡ ಸದ್ದಿನ ಭೀತಿ ಇದ್ದುದನ್ನು ಗುರುತಿಸಿದ್ದರು. ಆದರೆ ಅಮೆರಿಕದ ಮನೋವೈದ್ಯರ ರೋಗನಿದಾನ ಕೈಪಿಡಿಯಲ್ಲಿ ಇಂದ್ರಿಯ ಸಂವೇದನೆಯ ಏರುಪೇರು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ. ಅದಕ್ಕೆ ಮೊದಲೇ, 2009ರಲ್ಲಿ, ನಮ್ಮ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ 1984ರಿಂದ ಇರುವ ರಾಷ್ಟ್ರೀಯ ಸಂಸ್ಥೆ ಸಿದ್ಧಪಡಿಸಿದ ಭಾರತೀಯ ಆಟಿಸಂ ಮಾಪಕದಲ್ಲಿ ಇದಕ್ಕೆಂದೇ ಒಂದು ವಿಭಾಗವಿತ್ತೆಂಬುದು ನಗರವಾಸಿಗಳು ಅಭಿಮಾನಪಡಬೇಕಾದ ಸಂಗತಿ. ಆ ಸಂಸ್ಥೆಯ ಇಂದಿನ ಹ್ರಸ್ವನಾಮ ಎನ್.ಐ.ಇ.ಪಿ.ಐ.ಡಿ. ಮಾಪಕದ 40 ಅಂಶಗಳಲ್ಲಿ ಆರು ಇಂದ್ರಿಯಗಳಿಗೆ ಸಂಬಂಧಿಸಿದವು: ಸದ್ದು-ಸ್ಪರ್ಶಗಳಿಗೆ ಅತಿಯಾಗಿ ಬೆಚ್ಚುವುದು, ನೋವಿಗೆ ಸ್ಪಂದಿಸದಿರುವುದು, ವಸ್ತುಗಳನ್ನು ಮೂಸಿಯೋ ನೆಕ್ಕಿಯೋ ತಿಳಿಯುವುದು ಇತ್ಯಾದಿ. ಚಲನೆಯ ತೊಡಕಿಗೆ ಅಲ್ಲಿ ಪ್ರತ್ಯೇಕ ವಿಭಾಗವಿಲ್ಲ. ಅದೊಂದು ಕೊರತೆಯೇ ಸರಿ.

ಜ್ಞಾನೇಂದ್ರಿಯಗಳು ಐದೆಂದು ಎಣಿಸುವುದು ವಾಡಿಕೆ. ಶರೀರಶಾಸ್ತ್ರ ಇನ್ನೆರಡನ್ನು ಸೇರಿಸುತ್ತದೆ: ಒಳಗಿವಿಯಲ್ಲಿರುವ ಸಮತೋಲನದ ಅರಿವು, ಕೀಲು-ಸ್ನಾಯುಗಳಿಂದ ಬರುವ ಅಂಗಸ್ಥಿತಿಯ ಅರಿವು. ಕಣ್ಣು ಮುಚ್ಚಿದರೂ ಕೈ ಬಾಯಿಗೆ ತಪ್ಪದೆ ತುತ್ತನ್ನು ಒಯ್ಯುವುದು ಇವುಗಳಿಂದಲೇ. ಈ ಅರಿವು ಮಸುಕಾದ ಮಗು ತನ್ನ ದೇಹ ಎಲ್ಲಿದೆಯೆಂದು ತಿಳಿಯಲೆಂದೇ ಕುಣಿಯಬಹುದು, ಗಿರಗಿರನೆ ತಿರುಗಬಹುದು, ಗೋಡೆಗೆ ಒತ್ತಿಕೊಳ್ಳಬಹುದು. ಮೈಸೂರು-ಬೆಂಗಳೂರುಗಳಲ್ಲಿ ಬೆಳೆದ ಟೀಟೋ ಮುಖ್ಯೋಪಾಧ್ಯಾಯ ಎಂಬ ಬಾಲಕನ ಬರಹ 2000ದಲ್ಲಿ ಲಂಡನ್ನಿನಲ್ಲಿ ಪುಸ್ತಕವಾಯಿತು. ಚೆದುರಿಹೋದಂತೆನಿಸುತ್ತಿದ್ದ ದೇಹ ತಿರುಗುವಾಗ ಒಂದಾಗುತ್ತಿತ್ತೆಂದು ಅವನು ಅದರಲ್ಲಿ ವರ್ಣಿಸಿದ್ದಾನೆ. ಅವನ ತಾಯಿ ಪ್ರಚುರಪಡಿಸಿದ ಬೋಧನಾ ವಿಧಾನಕ್ಕೆ ವೈಜ್ಞಾನಿಕ ಆಧಾರ ಸಾಲದೆಂದು ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಹೇಳಿದೆ; ಆ ವಿಧಾನವನ್ನು ಅನುಸರಿಸಹೊರಡುವ ಪೋಷಕರಿಗೆ ಇದು ತಿಳಿದಿರಬೇಕು. ಗಾಢ ಒತ್ತಡದಿಂದ ಮನಸ್ಸು ಶಾಂತವಾಗುವುದನ್ನು ಕಂಡುಕೊಂಡು ತನಗಾಗಿ ಒತ್ತುಯಂತ್ರವನ್ನೇ ನಿರ್ಮಿಸಿಕೊಂಡ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರದೂ ಇದಕ್ಕೆ ಸಮೀಪದ ಅನುಭವ.

ಇನ್ನು ಕರ್ಮೇಂದ್ರಿಯಗಳ ವಿಷಯ. "ಚಪ್ಪಲಿ ಹಾಕಿಕೋ ಪುಟ್ಟಾ" ಎಂದರೆ ಮಗುವಿಗೆ ಅರ್ಥವಾಗಿರುತ್ತದೆ, ಮನಸ್ಸೂ ಇರುತ್ತದೆ. ಕಾಲು ಮಾತ್ರ ಏಳುವುದಿಲ್ಲ. ಅರ್ಧ ನಿಮಿಷದ ಮೇಲೆ ಏಳುವಷ್ಟರಲ್ಲಿ ತಂದೆ ಮೂರು ಸಲ ಗದರಿರುತ್ತಾರೆ. ಪ್ರತಿ ಗದರಿಕೆಯೂ ನಡೆಯುತ್ತಿದ್ದ ಸಿದ್ಧತೆಯನ್ನು ಕೆಡಿಸಬಹುದು. ಚಲನೆಯನ್ನು ಆರಂಭಿಸುವುದು, ನಿಲ್ಲಿಸುವುದು, ಒಂದರಿಂದ ಮತ್ತೊಂದಕ್ಕೆ ಹೊರಳುವುದು, ಈ ಮೂರರಲ್ಲೂ ತೊಡಕಿರಬಹುದೆಂದು ಆನ್ ಡೊನೆಲನ್ ಮತ್ತು ಮಾರ್ಥಾ ಲಿಯರಿ 1995ರಷ್ಟು ಹಿಂದೆಯೇ ಪ್ರತಿಪಾದಿಸಿದರು. ಮಗುವಿನ ಎಲ್ಲ ವರ್ತನೆಗೂ ಇದೇ ಕಾರಣವೆಂದಲ್ಲ. ಹಟ ಮಾಡುವುದು ಆ ಮಗುವಿಗೂ ಗೊತ್ತು! ಆದರೆ ಹೇಳಿದ್ದನ್ನು ಒಮ್ಮೆ ಹೇಳಿ, ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ ಕಾಯುವುದರಿಂದ ನಷ್ಟವೇನಿಲ್ಲ. ಹೆಜ್ಜೆಗೆ ತಾಳ ಕೊಟ್ಟರೆ, ತಾವೇ ಮೊದಲು ಚಪ್ಪಲಿ ಮೆಟ್ಟಿ ತೋರಿಸಿದರೆ ಕೆಲವು ಮಕ್ಕಳಿಗೆ ಚಲನೆ ಸುಲಭವಾಗುತ್ತದೆ.

ಎರಡು ಸಂದರ್ಭಗಳಲ್ಲಿ ಮಾತ್ರ ಕಾಯಬಾರದು. ನೋವನ್ನು ತೋರದ ಮಗು ಹಠಾತ್ತಾಗಿ ತಲೆ ಚಚ್ಚಿಕೊಳ್ಳತೊಡಗಿದರೆ ಹಲ್ಲುನೋವೋ ಕಿವಿನೋವೋ ಇದ್ದೀತು. ಹದಿಹರೆಯದಲ್ಲಿ ನಡಿಗೆ, ಊಟ ದಿನೇದಿನೇ ನಿಧಾನವಾಗಿ, ನಿಂತಲ್ಲೇ ಸ್ತಬ್ಧವಾಗುವಂತಾದರೆ ಅದು ಕ್ಯಾಟಟೋನಿಯಾ ಇರಬಹುದು. ಲೋರ್ನಾ ವಿಂಗ್ ಮತ್ತು ಅಮಿತಾ ಶಾ 2000ದಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದಾರೆ. ಅದಕ್ಕೆ ಚಿಕಿತ್ಸೆಯಿದೆ. ಎರಡರಲ್ಲೂ ವೈದ್ಯರನ್ನು ಕೂಡಲೇ ಕಾಣಬೇಕು.

ಭಾಗ್ಯನಗರವೇನೋ ಸದ್ದಿನ ಊರು. ಆದರೆ ಆಷಾಢದ ಬೋನಾಲು ಡೋಲು, ಹುಸೇನ್ ಸಾಗರದತ್ತ ಸಾಗುವ ಗಣಪತಿ ಮೆರವಣಿಗೆ, ದೀಪಾವಳಿಯ ಪಟಾಕಿ ಇವೆಲ್ಲ ಪಂಚಾಂಗ ನೋಡಿದರೆ ಮೊದಲೇ ತಿಳಿಯುವಂಥವು. ಮಗುವಿಗೆ ಚಿತ್ರ ತೋರಿಸಿ ಮುಂಚಿತವಾಗಿ ಹೇಳಬಹುದು. ಸದ್ದು ತಡೆಯುವ ಕಿವಿಮುಚ್ಚುಗೆ ಕೈಚೀಲದಲ್ಲಿರಲಿ. ಸಭಾಂಗಣಗಳಲ್ಲಿ ಧ್ವನಿವರ್ಧಕದಿಂದ ದೂರ, ಬಾಗಿಲ ಬಳಿ ಇಂಥ ಕುಟುಂಬಕ್ಕೆ ಸ್ಥಳ ಬಿಡಬೇಕು. ತಲೆಯ ಮೇಲೆ ಅಕ್ಷತೆ ಬೀಳುವ ಮುನ್ನ, ಅಂಗೈಗೆ ತೀರ್ಥ ಹಾಕುವ ಮುನ್ನ ಒಂದು ಮಾತು ತಿಳಿಸಿದರೆ ಸಾಕು. ಬೇಡವೆಂದು ಕೈ ಹಿಂತೆಗೆದರೆ ಒತ್ತಾಯ ಬೇಡ. ಎಲೆಯ ಮೇಲೆ ಸಾರು ಹರಿದು ಪಲ್ಯ ಮುಟ್ಟಿತೆಂದು ಊಟ ಬಿಟ್ಟೇಳುವ ಮಗುವಿಗೆ, ಬಡಿಸುವವರು ಸಾರನ್ನು ದೊನ್ನೆಯಲ್ಲಿ ಬೇರೆ ಕೊಡಬಹುದು.