ರಾತ್ರಿಯಿಡೀ ನೀರು ಕುಡಿದ ವಡೆ

ಮಕ್ಕಳೇ, ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದ ನೆಂಟರು ಒಮಾನಿನ ಅಲ್ ಅಜೈಬಾದ ನಮ್ಮ ಮನೆಗೆ ಒಂದು ಡಬ್ಬಿ ಮದ್ದೂರು ವಡೆ ತಂದಿದ್ದರು. ಸಂಜೆ ಬಾಲ್ಕನಿಯಲ್ಲಿ ಕೂತು ತಿಂದೆವು, ಮುಚ್ಚಳ ಹಾಕಲು ಮರೆತೆವು. ಬೆಳಿಗ್ಗೆ ನೋಡಿದರೆ ಕಟಕ್ಕೆಂದು ಮುರಿಯುತ್ತಿದ್ದ ವಡೆ ಹಳೆಯ ಚಪಾತಿಯಂತೆ ಬಾಗುತ್ತಿತ್ತು. “ಅಮ್ಮಾ, ಹಾಳಾಯ್ತಾ?” ಎಂದಳು ಮಗಳು. ಹಾಳಾಗಿರಲಿಲ್ಲ. ರಾತ್ರಿಯಿಡೀ ಅದು ನೀರು ಕುಡಿದಿತ್ತು.

ಎಲ್ಲಿಯ ನೀರು? ಗಾಳಿಯದು. ಅಜೈಬಾದಲ್ಲಿ ಕಡಲು ಪಕ್ಕದಲ್ಲೇ ಇದೆ. ಸೆಕೆಗಾಲದಲ್ಲಿ ಏಸಿ ಹಾಕಿದ ಕೋಣೆಯ ಕಿಟಕಿ ಗಾಜಿನ ಹೊರಮೈಯಲ್ಲಿ ಹನಿ ಕಟ್ಟುವುದನ್ನು ಇಲ್ಲಿಯ ಮಕ್ಕಳು ನೋಡಿಯೇ ಇರುತ್ತೀರಿ, ಅದೇ ತೇವ. ವಡೆಯನ್ನು ಕಾದ ಎಣ್ಣೆಗೆ ಬಿಟ್ಟಾಗ ಏಳುವ ಗುಳ್ಳೆಗಳು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಟ ಗುರುತು. ನೀರು ಹೋದದ್ದಕ್ಕೇ ವಡೆ ಗರಿಗರಿ. ತೇವದ ಗಾಳಿ ಸೋಕಿದರೆ ಆ ಒಣ ಹಿಟ್ಟು ಮತ್ತೆ ನೀರು ಹೀರುತ್ತದೆ.

ಈ ವಡೆ ಹುಟ್ಟಿದ್ದು ರೈಲು ನಿಲ್ದಾಣದಲ್ಲಿ. 1917ರಲ್ಲಿ ಬೆಂಗಳೂರು–ಮೈಸೂರು ದಾರಿಯ ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಇದನ್ನು ಮೊದಲು ಮಾಡಿದರಂತೆ. ಒಂದು ದಿನ ರೈಲು ಬೇಗ ಬಂದುಬಿಟ್ಟಿತು, ಪಕೋಡ ಕರಿಯಲು ಹೊತ್ತಿರಲಿಲ್ಲ, ಹಿಟ್ಟು ಈರುಳ್ಳಿ ಕಲಸಿ ತಟ್ಟಿ ಎಣ್ಣೆಗೆ ಬಿಟ್ಟರು ಎಂದು ಮದ್ದೂರಿನ ಕಡೆ ಹೇಳುತ್ತಾರೆ. ನನಗೆ ಈ ಕತೆ ಬಹಳ ಇಷ್ಟ, ಏಕೆಂದರೆ ಅದರೊಳಗೆ ವಿಜ್ಞಾನವಿದೆ. ದಪ್ಪ ಉಂಡೆಯ ನಡುವಿಗೆ ಬಿಸಿ ತಲುಪಲು ಸಮಯ ಬೇಕು. ತಟ್ಟಿದ ವಡೆಗೆ ಎರಡು ಕಡೆಯಿಂದಲೂ ಬಿಸಿ ಬೇಗ ಇಳಿಯುತ್ತದೆ, ನೀರು ಬೇಗ ಹೊರಡುತ್ತದೆ. ಕಾಯದ ರೈಲಿಗೆ ತಕ್ಕ ತಿಂಡಿ!

ರೈಲಿನ ತಿಂಡಿ ಇರಲಿ, ನಮ್ಮ ಹಿರಿಯರು ಪ್ರಯಾಣಕ್ಕೆ ಕೆಡದಂತೆ ಬುತ್ತಿ ಕಟ್ಟುತ್ತಿದ್ದರು. ಅನ್ನ ಕೆಡಿಸುವ ಕಣ್ಣಿಗೆ ಕಾಣದ ಜೀವಿಗಳಿಗೆ ನೀರು ಬೇಕು. ಹುಳಿ, ಉಪ್ಪು ಹೆಚ್ಚಾದರೆ ಅವುಗಳಲ್ಲಿ ಬಹಳಷ್ಟು ಬೆಳೆಯಲಾರವು. ಜೋಳ ಬೆಳೆಯುವ ಉತ್ತರ ಕರ್ನಾಟಕದವರು ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ, ಶೇಂಗಾ ಚಟ್ನಿ ಪುಡಿಯೊಡನೆ ಕಟ್ಟಿದರು. ಅನ್ನದ ಸೀಮೆಯವರು ಮೊಸರು, ಹುಣಸೆಹುಳಿ ನಂಬಿದರು. ಬುತ್ತಿ ಬಿಚ್ಚಿದರೆ ಊರಿನ ಹೊಲವೇ ಕಾಣುತ್ತಿತ್ತು.

ಜಪಾನಿನವರಂತೂ ಇಂಥ ಬುತ್ತಿಯನ್ನು ಹಲವು ರೈಲು ನಿಲ್ದಾಣಗಳಲ್ಲಿ ಮಾರುತ್ತಾರೆ. ಹೆಸರು ಎಕಿಬೆನ್, ಎಂದರೆ ನಿಲ್ದಾಣದ ಬುತ್ತಿ. ತೊಯಾಮಾದಲ್ಲಿ ಉಪ್ಪು ಹಚ್ಚಿದ ಮೀನನ್ನು ವಿನೆಗರ್ ಬೆರೆಸಿದ ಅನ್ನದ ಮೇಲಿಟ್ಟು ಬಿದಿರೆಲೆಯಲ್ಲಿ ಸುತ್ತುತ್ತಾರೆ. ಉಪ್ಪು, ಹುಳಿ, ಎಲೆ: ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಉಪಾಯವೇ. ಹೊಕ್ಕೈಡೊದ ಮೋರಿ ನಿಲ್ದಾಣದಲ್ಲಿ 1941ರಲ್ಲಿ, ಸ್ಕ್ವಿಡ್ ಎಂಬ ಕಡಲಜೀವಿಯೊಳಗೆ ಅಕ್ಕಿ ತುಂಬಿ ಬೇಯಿಸಿ ಮಾರತೊಡಗಿದರು. ಆಗಿನ ಯುದ್ಧಕಾಲದಲ್ಲಿ ಅಕ್ಕಿಗೆ ಅಭಾವ, ಕಡಲಲ್ಲಿ ಸ್ಕ್ವಿಡ್ ಧಾರಾಳ. ಕೆಲವು ಎಕಿಬೆನ್ ಡಬ್ಬಿಗಳ ದಾರ ಎಳೆದರೆ ಊಟ ತಾನೇ ಬಿಸಿಯಾಗುತ್ತದೆ! ತಳದಲ್ಲಿ ಸುಟ್ಟ ಸುಣ್ಣ ಮತ್ತು ನೀರಿನ ಚೀಲ ಇರುತ್ತವೆ. ಎರಡೂ ಸೇರಿದರೆ ಶಾಖ ಹುಟ್ಟುತ್ತದೆ. (ಮನೆಯಲ್ಲಿ ಮಾತ್ರ ಮಾಡಬೇಡಿ, ಕೈ, ಕಣ್ಣು ಸುಟ್ಟೀತು.)

ಒಮಾನಿನ ಹಳೆಯ ಬುತ್ತಿ ಖರ್ಜೂರ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಆ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕೆಡಿಸುವ ಜೀವಿಗಳಿಗೆ ಬಿಡುವುದಿಲ್ಲ. ಒಂಟೆಯ ಮೇಲೆ ಮರಳುಗಾಡು ದಾಟಿದವರನ್ನು ಅದು ದಿನಗಟ್ಟಲೆ ಸಾಕಿತು.

ಒಮಾನಿನಲ್ಲಿ ಈಗ ಸೊಹಾರ್‌ನಿಂದ ಅಬುಧಾಬಿಗೆ ರೈಲು ಹಳಿ ಹಾಕುತ್ತಿದ್ದಾರೆ. ಸೊಹಾರ್ ನಿಲ್ದಾಣದಲ್ಲಿ ಮಾರಲು ಯಾವ ಬುತ್ತಿ ಸರಿಹೋದೀತು? ಅಲ್ಲಿ ಏನು ಬೆಳೆಯುತ್ತದೆ, ಆ ಸೆಕೆಯಲ್ಲಿ ಏನು ಕೆಡದೆ ಉಳಿಯುತ್ತದೆ ಎಂದು ಯೋಚಿಸಿ, ಡಬ್ಬಿಯ ಚಿತ್ರ ಬರೆದು ನಮಗೆ ಕಳಿಸಿ.