ಅರಿಶಿನದ ಹಳದಿ ನಂಬಿ ಕೆಟ್ಟೆ

ಇವತ್ತು ಒಂದು ಹಳದಿ ಮಫ್ಲರ್ ಕಥೆ ಹೇಳ್ತೀನಿ. ಇದರಲ್ಲಿ ತಪ್ಪು ಮಾಡಿದವಳು ನಾನೇ.

ನಾನು ಧಾರವಾಡದಲ್ಲಿ, ಮನೆಯ ಹಿತ್ತಲಲ್ಲೇ ಉಣ್ಣೆ ನೂಲಿಗೆ ಬಣ್ಣ ಹಾಕ್ತೀನಿ. ನಮ್ಮ ಕಡೆ ಉಣ್ಣೆ ಅಂದರೆ ಮೊದಲು ನೆನಪಾಗೋದು ಕಂಬಳಿ. ಅದಕ್ಕೆ ಬಣ್ಣವೇ ಬೇಕಿಲ್ಲ. ದಖ್ಖನಿ ಕುರಿಯ ಕಪ್ಪೇ ಕಂಬಳಿಯ ಕಪ್ಪು. ಆದರೆ ಆ ಉಣ್ಣೆ ಒರಟು, ಕುತ್ತಿಗೆಗೆ ಚುಚ್ಚುತ್ತೆ. ಹಾಗಾಗಿ ಮಫ್ಲರ್, ಟೋಪಿಗಳಿಗೆ ಮೆತ್ತನೆಯ ಬಿಳಿ ಮೆರಿನೊ ನೂಲು ತರಿಸ್ತೀನಿ.

ಒಂದು ಜನವರಿಯಲ್ಲಿ ಗದಗಿನ ದಾರಿಯಲ್ಲಿ ಕುಸುಬೆ ಹೊಲ ಕಂಡೆ. ಕಪ್ಪು ಎರೆ ನೆಲ, ಅದರ ಮೇಲೆ ಉರಿಯೋ ಹಳದಿ. ಆ ಹಳದಿ ನೂಲಿಗೆ ಬರಲೇಬೇಕು ಅನ್ನಿಸಿತು. ಮನೆಗೆ ಬಂದವಳೇ ಅರಿಶಿನ ಕುದಿಸಿದೆ. ಎಂಥ ಬಣ್ಣ ಬಂತು ಅಂತೀರಿ! ಫೋಟೊ ಹಾಕಿದ ದಿನವೇ ಲಡಿಗಳೆಲ್ಲ ಖಾಲಿ.

ಮೂರು ತಿಂಗಳ ನಂತರ ಒಂದು ಹುಡುಗಿ ಫೋನ್ ಮಾಡಿದಳು. ಹಾಸ್ಟೆಲ್‌ನಲ್ಲಿ ಓದೋಳು. ಪರೀಕ್ಷೆಯ ನಡುವೆಯೂ ರಾತ್ರಿ ಕೂತು ಅಜ್ಜಿಗೆ ಮಫ್ಲರ್ ಹೆಣೆದಿದ್ದಾಳೆ. ಅಜ್ಜಿ ಅದನ್ನು ಬಾರ್ ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿದ್ದಾರೆ. ಸೋಪು ತಾಗಿದ ಕಡೆ ಕೆಂಪು ಕಲೆ, ಉಳಿದದ್ದು ಬಿಳಿಚಿಕೊಂಡಿದೆ. "ಅಕ್ಕಾ, ನಾವೇ ಏನೋ ತಪ್ಪು ಮಾಡಿದ್ವಿ ಅನ್ಸುತ್ತೆ" ಅಂದಳು.

ತಪ್ಪು ಅವರದ್ದಲ್ಲ. ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ಲ, ಸೋಪಿನ ಕ್ಷಾರಕ್ಕೂ ಹಾಗೇ ಆಗುತ್ತೆ. ಅರಿಶಿನದ ಬಣ್ಣ ಬಿಸಿಲಿಗೂ ನಿಲ್ಲಲ್ಲ. ಇದು ತಿಳಿಯದೇ ನಾನು ಮಾರಿದ್ದೆ. ದುಡ್ಡು ವಾಪಸ್ ಕೊಟ್ಟೆ, ಹೊಸ ನೂಲು ಕಳಿಸಿದೆ. ಆದರೆ ಅವಳ ಅಷ್ಟು ರಾತ್ರಿಗಳನ್ನು ವಾಪಸ್ ಕೊಡೋಕೆ ನನ್ನ ಹತ್ರ ಏನಿದೆ?

ಈಗ ಹಳದಿಗೆ ಚೆಂಡು ಹೂವು ಬಳಸ್ತೀನಿ. 100 ಗ್ರಾಂ ನೂಲಿಗೆ 15 ಗ್ರಾಂ ಪಟಿಕ ಕರಗಿಸಿ, ಕುದಿಯದಂತೆ ಸಣ್ಣ ಉರಿಯಲ್ಲಿ ಒಂದು ಗಂಟೆ ಇಡ್ತೀನಿ. ಪಟಿಕ ಬಣ್ಣವನ್ನು ಎಳೆಗೆ ಹಿಡಿದುಕೊಳ್ಳುತ್ತೆ. ಆಮೇಲೆ ಹೂವಿನ ರಸದಲ್ಲಿ ಮತ್ತೊಂದು ಗಂಟೆ. ಅದೇ ನೀರಲ್ಲಿ ರಾತ್ರಿಯಿಡೀ ಆರಬೇಕು, ಅವಸರ ಮಾಡಂಗಿಲ್ಲ. ಪ್ರತಿ ಹೊಸ ಬಣ್ಣದ ಒಂದು ತುಂಡು ನೂಲಿಗೆ ಅರ್ಧ ರಟ್ಟು ಮುಚ್ಚಿ ಕಿಟಕಿಯಲ್ಲಿ ಮೂರು ವಾರ ಇಡ್ತೀನಿ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ಎದ್ದು ಕಾಣೋ ವ್ಯತ್ಯಾಸ ಬಂದರೆ ಆ ಬಣ್ಣ ಮಾರಲ್ಲ.

ಇನ್ನು ನಿಮ್ಮ ಪಾಲಿನ ಕೆಲಸ. ಉಣ್ಣೆ ಅಂದರೆ ಕೂದಲು, ಇಷ್ಟು ನೆನಪಿಟ್ಟರೆ ಸಾಕು. ಅದರ ಎಳೆಯ ಮೇಲೆ ಮೀನಿನ ಪೊರೆಯಂಥ ಸಣ್ಣ ಪದರಗಳಿವೆ. ಬಿಸಿನೀರು ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತೆ. ಮತ್ತೆ ಹಿಗ್ಗಲ್ಲ. ಹಾಗಾಗಿ ತಣ್ಣೀರು, ಸೌಮ್ಯವಾದ ಶಾಂಪೂ ಎರಡು ಹನಿ, ಹತ್ತು ನಿಮಿಷ ನೆನೆಸೋದು. ಉಜ್ಜಬೇಡಿ, ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಾಪೆ ಮೇಲೆ ಹರಡಿ. ಹಗ್ಗಕ್ಕೆ ನೇತು ಹಾಕಿದರೆ ನೀರಿನ ಭಾರಕ್ಕೆ ಜೋತುಬೀಳುತ್ತೆ. ಎತ್ತಿಡುವ ಮುಂಚೆ ತೊಳೆದು ಪೂರ್ತಿ ಒಣಗಿಸಿ. ಬೆವರು, ಎಣ್ಣೆ ಇದ್ದ ಕಡೆ ಹುಳು ಬೇಗ ತಿನ್ನುತ್ತೆ.

ಇದನ್ನೆಲ್ಲ ಈಗ ಚೀಟಿಯಲ್ಲಿ ಬರೆದು ಪ್ರತಿ ಲಡಿಗೂ ಕಟ್ಟಿ ಕಳಿಸ್ತೀನಿ.

ಆ ಹುಡುಗಿ ಹೊಸ ನೂಲಿನಲ್ಲಿ ಮತ್ತೊಂದು ಮಫ್ಲರ್ ಹೆಣೆದಳಂತೆ. ಅಜ್ಜಿ ಮಾತ್ರ ಹಳೇದನ್ನೇ ಸುತ್ತಿಕೊಳ್ತಾರಂತೆ, "ಇದು ಮೊದಲು ಕೊಟ್ಟದ್ದು" ಅಂತ.

ನಿಮ್ಮ ಮನೆಯ ಟ್ರಂಕಿನಲ್ಲೂ ಯಾರೋ ಹೆಣೆದ ಸ್ವೆಟರ್ ಇರಬಹುದು. ಈ ಭಾನುವಾರ ಒಮ್ಮೆ ತೆಗೆದು ಗಾಳಿಗೆ ಹಾಕಿ, ಆಯ್ತಾ? ಮುಂದಿನ ವಾರ ಸಿಗೋಣ. ನಮಸ್ಕಾರ.