ಉಳಿ ಹಿಡಿಯುವ ಕಬ್ಬಿಣದ ತುಂಡು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಭಾಷಣ ಮಾಡಿ ರೂಢಿಯಿಲ್ಲ. ಕಡೂರಿನ ಬಿ.ಎಚ್. ರಸ್ತೆಯಲ್ಲಿ ಲೇತ್ ಅಂಗಡಿ ಇಟ್ಟುಕೊಂಡಿದ್ದೇನೆ. ದಿನವಿಡೀ ಮಿಷನ್ ಸದ್ದಿನ ನಡುವೆ ಇರುವವನು, ದನಿ ಜೋರಾದರೆ ಮನ್ನಿಸಬೇಕು. "ನಿಮ್ಮ ಕೆಲಸದ ಬಗ್ಗೆಯೇ ಹೇಳಿ" ಎಂದು ಸಮಿತಿಯವರು ಅಂದಿದ್ದರಿಂದ ಧೈರ್ಯ ಮಾಡಿ ಈ ಚೀಲದಲ್ಲಿ ಒಂದು ವಸ್ತು ತಂದಿದ್ದೇನೆ. ಅದನ್ನು ಆಮೇಲೆ ತೆಗೆಯುತ್ತೇನೆ.

ಚನ್ನಪಟ್ಟಣದ ಗೊಂಬೆ ಮಾಡುವವರನ್ನು ನೀವು ನೋಡಿರಬಹುದು. ಮರ ತಿರುಗುತ್ತದೆ, ಉಳಿ ಕೈಯಲ್ಲಿರುತ್ತದೆ. ಮರಕ್ಕೆ ಕೈ ಸಾಕು, ಕಬ್ಬಿಣಕ್ಕೆ ಸಾಲದು. ಸುಮಾರು 1800ರ ಹೊತ್ತಿಗೆ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೆ ಉಳಿಯನ್ನು ಕೈಯಿಂದ ಬಿಡಿಸಿ, ಜಾರುವ ಕಬ್ಬಿಣದ ಪೀಠದ ಮೇಲೆ ಬಿಗಿಯಾಗಿ ಕೂರಿಸಿದ ಲೇತ್ ಕಟ್ಟಿದ. ನಮ್ಮ ಸೀಮೆಗೂ ಇದು ದೂರದ ವಿಷಯವಲ್ಲ. ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಯಲ್ಲಿ ಕಬ್ಬಿಣವಾಗುತ್ತಿತ್ತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನೇ ಮಾಡುತ್ತಿತ್ತು. ನನ್ನ ಮಿಷನ್ ಹರಿಹರದ್ದೇ, ಇಬ್ಬರ ಕೈ ದಾಟಿ ನನಗೆ ಬಂದದ್ದು.

ಲೇತಿನಲ್ಲಿ ಉಳಿಗೆ ನಾವು ಟೂಲ್ ಅನ್ನುತ್ತೇವೆ. ಅದರ ತುದಿ ತಿರುಗುವ ವಸ್ತುವಿನ ನಡುಮಧ್ಯದ ಎತ್ತರಕ್ಕೇ ಇರಬೇಕು. ಮೇಲಾದರೂ ಕೆಳಗಾದರೂ ಒಂದೋ ಉಜ್ಜುತ್ತದೆ, ಇಲ್ಲ ಕಚ್ಚಿಕೊಳ್ಳುತ್ತದೆ. ಸಣ್ಣ ಅಂಗಡಿಗಳಲ್ಲಿ ಎತ್ತರ ಸರಿ ಮಾಡಲು ಟೂಲಿನ ಅಡಿಗೆ ಹ್ಯಾಕ್ಸಾ ಬ್ಲೇಡಿನ ತುಂಡು, ತಗಡಿನ ಚೂರು ಇಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದೆ. ನಡೆಯುತ್ತದೆ, ನಡೆಯುವಷ್ಟು ದಿನ.

1997ರ ಏಪ್ರಿಲ್. ಅಜ್ಜಂಪುರದ ಕಡೆಯ ರೈತರೊಬ್ಬರು ಗೋಣಿಚೀಲದಲ್ಲಿ ಮೋಟಾರಿನ ಕವರ್ ಸುತ್ತಿಕೊಂಡು ಬಸ್ಸಿನಲ್ಲಿ ಬಂದರು. ಬೇರಿಂಗ್ ಕೂರುವ ಜಾಗ ಸವೆದಿತ್ತು. 6206 ಬೇರಿಂಗ್, ಅದರ ಹೊರ ವ್ಯಾಸ 62 ಮಿ.ಮೀ. ಸವೆದದ್ದನ್ನು ಕೊರೆದು ದೊಡ್ಡದು ಮಾಡಿ, ಬುಷ್ ಬಡಿದು ಕೂರಿಸಿ, ಮತ್ತೆ ಸರಿಯಾಗಿ 62ಕ್ಕೆ ಕೊರೆಯಬೇಕು. ಹೊಸದಾಗಿ ಅಡಿಕೆ ಸಸಿ ಹಾಕಿದ್ದೇನೆ, ಸಂಜೆಯ ಬಸ್ಸಿಗೆ ಕೊಡಿ ಅಂದರು.

ಕವರಿನ ಅಂಚು ಅಡ್ಡ ಬರುತ್ತಿದ್ದುದರಿಂದ 12 ಮಿ.ಮೀ. ಬೋರಿಂಗ್ ಬಾರನ್ನು ಉದ್ದಕ್ಕೆ ಚಾಚಿ ಕಟ್ಟಿದ್ದೆ. ಅಡಿಗೆ ನಾಲ್ಕು ಬ್ಲೇಡಿನ ತುಂಡು. ಕೊನೆಯ ಕಟ್ ಹೊಡೆಯುವಾಗ ಒಂದು ತುಂಡು ಜಾರಿತು. ಟೂಲ್ ಕಚ್ಚಿಕೊಂಡಿತು, ಕವರ್ ಚಕ್ಕಿನಿಂದ ಎಗರಿ ಬೆಡ್ಡಿನ ಮೇಲೆ ಬಿತ್ತು. ಬೀಡು ಅಲ್ಲವೇ, ಮೂರು ತುಂಡಾಯಿತು.

ಅವರು ಬೈಯಲಿಲ್ಲ. "ಅಲ್ಲ ಕಣಪ್ಪ, ಬೇರಿಂಗ್ ಲೂಸಿದ್ರೂ ಒಸಿ ನೀರು ಎತ್ತುತಿತ್ತು. ಈಗ ಅದೂ ಇಲ್ವಲ್ಲ" ಅಂದರು. ತರೀಕೆರೆ, ಭದ್ರಾವತಿ, ಶಿವಮೊಗ್ಗದ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಅಳತೆಯ ಹಳೆಯ ಕವರ್ ಹುಡುಕಿಕೊಡುವ ಹೊತ್ತಿಗೆ ನಾಲ್ಕು ದಿನ ಆಗಿತ್ತು. ದುಡ್ಡು ತೆಗೆದುಕೊಳ್ಳಲಿಲ್ಲ. ಎಷ್ಟು ಸಸಿ ಒಣಗಿದವು ಅಂತ ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.

ಆ ವಾರವೇ ಈ ತುಂಡು ಮಾಡಿದೆ. (ಚೀಲದಿಂದ ತೆಗೆದು ತೋರಿಸಿದರು.) ಗುಜರಿಯಲ್ಲಿ ತೂಕಕ್ಕೆ ತಂದ ಕಬ್ಬಿಣ, ಎಲ್ಲ ಕಡೆ 75 ಮಿ.ಮೀ. ನಾಲ್ಕು ದವಡೆಯ ಚಕ್ಕಿನಲ್ಲಿ ಹಿಡಿದು ಆರು ಮುಖವನ್ನೂ ಚೊಕ್ಕ ಮಾಡಿದೆ. ಟೂಲ್ ಪೋಸ್ಟನ್ನೇ ಬಿಚ್ಚಿಟ್ಟು, ಅದರ ಬೋಲ್ಟಿಗೇ ಇದನ್ನು ಕೂರಿಸಿದೆ. ಈಗ ಇದರಲ್ಲಿ ಬೋರಿಂಗ್ ಬಾರ್ ಹೋಗುವ ತೂತು ಎಲ್ಲಿ ಬರಬೇಕು? ಅಳೆದು ಗುರುತು ಹಾಕಿ ಬೇರೆ ಮಿಷನ್ನಿನಲ್ಲಿ ಕೊರೆದರೆ ಕೂದಲೆಳೆಯಷ್ಟಾದರೂ ತಪ್ಪುತ್ತದೆ. ಅದಕ್ಕೆ ನಾನು ಅಳೆಯಲೇ ಇಲ್ಲ. ಡ್ರಿಲ್ಲನ್ನು ಚಕ್ಕಿಗೆ ಕಟ್ಟಿ, ಲೇತನ್ನು ತಿರುಗಿಸಿ, ಈ ತುಂಡನ್ನೇ ನಿಧಾನವಾಗಿ ಅದರ ಕಡೆಗೆ ತಳ್ಳಿದೆ. ಯಾವ ಮಿಷನ್ನಿನಲ್ಲಿ ಕೆಲಸ ಮಾಡಬೇಕೋ ಅದೇ ಮಿಷನ್ ತನ್ನ ಎತ್ತರಕ್ಕೆ ತಾನೇ ತೂತು ಕೊರೆದುಕೊಂಡಿತು. 10ರಿಂದ ಶುರುಮಾಡಿ 24ರವರೆಗೆ ಡ್ರಿಲ್, ಕೊನೆಯ ಒಂದು ಮಿ.ಮೀ. ಮಾತ್ರ ಎರಡು ಸೆಂಟರುಗಳ ನಡುವೆ ತಿರುಗುವ ಸರಳಿಗೆ ಚಿಕ್ಕ ಬಿಟ್ ಸಿಕ್ಕಿಸಿ ತೆಗೆದೆ. ಆಮೇಲೆ ಹ್ಯಾಕ್ಸಾದಿಂದ ಹೊರಬದಿಯಿಂದ ತೂತಿನವರೆಗೆ ಸೀಳಿ, ಎರಡು ಅಲೆನ್ ಬೋಲ್ಟ್ ಹಾಕಿದೆ. ಬಿಗಿ ಮಾಡಿದರೆ ತೂತು ಬಾರನ್ನು ಸುತ್ತಲೂ ಅಪ್ಪಿಕೊಳ್ಳುತ್ತದೆ. ಅಡಿಗೆ ತಗಡು ಇಡುವ ಮಾತೇ ಇಲ್ಲ.

ಬಾರಿಗೆ ಸುಟ್ಟುಹೋದ ಮೋಟಾರಿನ ಶಾಫ್ಟನ್ನು 25 ಮಿ.ಮೀ.ಗೆ ಕಡೆದೆ. ದಪ್ಪ ಇಮ್ಮಡಿಯಾದರೆ ಬಾಗುವುದು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಚಾಚಿದ ಉದ್ದ ಇಮ್ಮಡಿಯಾದರೆ ಎಂಟು ಪಟ್ಟು ಹೆಚ್ಚುತ್ತದೆ. ಈ ಲೆಕ್ಕ ಮೊದಲೇ ಗೊತ್ತಿದ್ದಿದ್ದರೆ 12 ಮಿ.ಮೀ. ಬಾರನ್ನು ಅಷ್ಟು ಚಾಚುತ್ತಿರಲಿಲ್ಲ.

ಬಾರಿನ ತುದಿಯಲ್ಲಿ ಟೂಲ್ ಬಿಟ್ ಸಿಕ್ಕಿಸಲು ಅಡ್ಡ ತೂತು ಬೇಕು. ಬಿಟ್ ಚೌಕ, ಕಾಲಿಂಚು. ಡ್ರಿಲ್ ಕೊರೆಯುವುದು ದುಂಡು ತೂತು. ಚೌಕ ತೂತು ಮಾಡುವ ಮಿಷನ್ ನನ್ನ ಹತ್ತಿರ ಎಲ್ಲಿಂದ ಬರಬೇಕು? ಆಗ ಇದೇ ಕಟ್ಟಡದ ಮೂಲೆಯ ಕೋಣೆ ನೆನಪಾಯಿತು. ಚೌಕದ ಬಾಹುವನ್ನು 1.414ರಿಂದ ಗುಣಿಸಿದರೆ ಕರ್ಣ ಎಂದು ನಮ್ಮ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆದಾಗ ನಾನು ಕಿಟಕಿಯಾಚೆ ನೋಡುತ್ತಿದ್ದವನು. ಕಾಲಿಂಚು ಅಂದರೆ 6.35 ಮಿ.ಮೀ. ಗುಣಿಸಿ ನೋಡಿ, 8.98 ಬರುತ್ತದೆ. 9 ಮಿ.ಮೀ. ಡ್ರಿಲ್ ಅಂಗಡಿಯಲ್ಲೇ ಇತ್ತು! ಚೌಕದ ಬಿಟ್ ದುಂಡು ತೂತಿನಲ್ಲಿ ನಾಲ್ಕು ಮೂಲೆಯಲ್ಲೂ ತಾಗಿಕೊಂಡು ಕೂತಿತು. ಮೇಲಿನಿಂದ 6 ಮಿ.ಮೀ. ಸ್ಕ್ರೂ ಬಿಗಿದೆ. ಮೊದಲ ಬಾರಿನಲ್ಲಿ ಒಂದು ತಪ್ಪಾಯಿತು: ತೂತನ್ನು ಸರಿಯಾಗಿ ನಡುವೆಯೇ ಕೊರೆದಿದ್ದರಿಂದ ಬಿಟ್ಟಿನ ಮೇಲ್ಮುಖ 3 ಮಿ.ಮೀ. ಎತ್ತರಕ್ಕೆ ಬಂತು. ಅಷ್ಟೆಲ್ಲ ಕಷ್ಟಪಟ್ಟು ಹೊಂದಿಸಿದ ಎತ್ತರ ಅಲ್ಲೇ ಕೆಟ್ಟಿತು. ಎರಡನೆಯ ಬಾರಿನಲ್ಲಿ ಅಡ್ಡ ತೂತನ್ನು 3 ಮಿ.ಮೀ. ಕೆಳಗೆ ಕೊರೆದೆ. ಅದೇ ಇದು.

ಈಗ ಕಾರ್ಬೈಡ್ ತುಂಡು ಸ್ಕ್ರೂ ಮಾಡುವ ತಯಾರಿ ಹೋಲ್ಡರುಗಳು ಸಿಗುತ್ತವೆ. ಒಳ್ಳೆಯವೇ, ನಾನೂ ಕೊಂಡಿದ್ದೇನೆ. ಆದರೆ ಬೀಡಿನ ಕವರ್ ಬಂದರೆ ಇದನ್ನೇ ಹಾಕುತ್ತೇನೆ. ಐ.ಟಿ.ಐ. ಮುಗಿಸಿ ಬರುವ ಹುಡುಗರಿಗೆ ಮೊದಲ ತಿಂಗಳು ಇಂಥದ್ದೊಂದು ಮಾಡಲು ಹಚ್ಚುತ್ತೇನೆ. ಮೂವರಲ್ಲಿ ಇಬ್ಬರು ಆ 3 ಮಿ.ಮೀ. ಮರೆಯುತ್ತಾರೆ. ನಾನು ಮೊದಲೇ ಹೇಳುವುದಿಲ್ಲ.

ಆ ರೈತರು ಮರುವರ್ಷ ಮತ್ತೆ ಬಂದರು, ಇನ್ನೊಂದು ಕಡೆಯ ಕವರ್ ಹಿಡಿದುಕೊಂಡು. ನಾನು ಕೊರೆಯುವಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದರು. ಸಂಜೆಯ ಬಸ್ಸಿಗೆ ಕೊಟ್ಟೆ.

ಮಕ್ಕಳೇ, ಇದನ್ನು ನಿಮ್ಮ ಕೈಗೆ ಕೊಡುತ್ತೇನೆ, ಹಿಂದಿನ ಸಾಲಿನವರೆಗೂ ಹೋಗಲಿ. ಮೂರು ಕೆ.ಜಿ. ಹತ್ತಿರ ಇದೆ, ಕಾಲ ಮೇಲೆ ಬೀಳಿಸಿಕೊಳ್ಳಬೇಡಿ. ಬಾರನ್ನು ಎಳೆದು ನೋಡಿ, ಅಲ್ಲಾಡಿದರೆ ನನಗೆ ಹೇಳಿ. ನೋಡಿ ಆದ ಮೇಲೆ ಮರೆಯದೆ ವಾಪಸು ಕೊಡಿ, ನಾಳೆ ಬೆಳಿಗ್ಗೆ ಇದಕ್ಕೆ ಕೆಲಸ ಇದೆ.